ಒಂಬತ್ತು ಪದರ ಗಂಧ

ಪುಟ್ಟಲಕ್ಷ್ಮಿಯವರ ಮನೆತನದಲ್ಲಿ ದೇವರಿಗೆ ವರ್ಷಕ್ಕೊಮ್ಮೆ ವರ್ಗಾವಣೆ. ಒಂದು ವರ್ಷ ನಂಜನಗೂಡು, ಮರುವರ್ಷ ತಿ. ನರಸೀಪುರ. ಶಿಫಾರಸು ಬೇಕಿಲ್ಲ, ಯಾರ ಮನೆಯ ಬಾಗಿಲನ್ನೂ ಕಾಯಬೇಕಿಲ್ಲ. ವೈಶಾಖದ ನರಸಿಂಹ ಜಯಂತಿ ಬಂತೆಂದರೆ ಸ್ವಾಮಿ ಬೆಳ್ಳಿಯ ಭರಣಿಯೊಳಗೆ ಕೂತು ಬಸ್ಸು ಹತ್ತುತ್ತಿದ್ದರು. ಸ್ವಾಮಿ ಎಂದರೆ ವಿಗ್ರಹವಲ್ಲ, ಸಾಲಿಗ್ರಾಮವೂ ಅಲ್ಲ. ಒಂದು ಹಳೆಯ ಚಿನ್ನದ ಹಣ, ರಾಜರ ಕಾಲದ ನಾಣ್ಯ. ಹೆಸರುಕಾಳಿಗಿಂತ ತುಸು ದೊಡ್ಡದು, ಕಡಲೆಕಾಳಿಗಿಂತ ತುಸು ಚಿಕ್ಕದು, ಮೇಲೆ ನರಸಿಂಹದೇವರು ಕೂತಿದ್ದಾರೆ ಎಂದು ಹಿರಿಯರು ಹೇಳುತ್ತಿದ್ದರು. ಹೇಳುತ್ತಿದ್ದರು ಅಷ್ಟೇ, ಕಂಡವರು ಯಾರೂ ಇರಲಿಲ್ಲ.

ಕಾಣದಿರುವುದಕ್ಕೆ ಕಾರಣ ಮನೆತನದ ಕಟ್ಟಳೆ. ಹಣಕ್ಕೆ ಹಚ್ಚಿದ ಗಂಧವನ್ನು ತೆಗೆಯಕೂಡದು. ಪ್ರತಿ ಜಯಂತಿಯಂದು ಸರದಿ ಬಿಟ್ಟುಕೊಡುವ ಮನೆಯವರು ಹಳೆಯ ಗಂಧದ ಮೇಲೆ ಹೊಸದೊಂದು ಪದರ ಬಳಿದು, ನೆರಳಲ್ಲಿ ಒಣಗಿಸಿ ಒಪ್ಪಿಸಬೇಕು. ನಂಜನಗೂಡಿನವರು ಬರೀ ಗಂಧ ಬಳಿಯುತ್ತಿದ್ದರು, ನರಸೀಪುರದವರು ಅದಕ್ಕೆ ಚಿಟಿಕೆ ಕುಂಕುಮ ಬೆರೆಸುತ್ತಿದ್ದರು. ಹೀಗೆ ಬಳಿದೂ ಬಳಿದೂ ಸ್ವಾಮಿ ನೆಲ್ಲಿಕಾಯಿಯ ಗಾತ್ರಕ್ಕೆ ಬಂದಿದ್ದರು. ಮನೆಯ ಮಕ್ಕಳಿಗೆ ಜ್ವರ ಬಂದರೆ ಆ ಉಂಡೆಯ ಮೇಲೆ ನೀರು ಬಿಟ್ಟು ತೀರ್ಥ ಕುಡಿಸುವುದು ವಾಡಿಕೆ. ಜ್ವರ ಬಿಡುತ್ತಿತ್ತು, ಜೊತೆಗೆ ಡಾಕ್ಟರ ಮಾತ್ರೆಯನ್ನೂ ಕೊಟ್ಟರೆ ಖಂಡಿತ ಬಿಡುತ್ತಿತ್ತು.

ಈ ಹಣ ಮನೆಗೆ ಬಂದದ್ದು ಹೇಗೆ ಎಂಬುದಕ್ಕೆ ಎರಡು ಕಥೆಗಳಿದ್ದವು. ಕಂಠೀರವ ನರಸರಾಜ ಒಡೆಯರು ನರಸೀಪುರದ ಕಾವೇರಿ ಸಂಗಮಕ್ಕೆ ಸ್ನಾನಕ್ಕೆಂದು ಬಂದಿದ್ದರು ಎನ್ನುವವರೆಗೆ ಎರಡೂ ಮನೆಯವರಿಗೆ ಒಮ್ಮತ. ಆಮೇಲೆ ದಾರಿ ಬೇರೆ. ಮೂಲಪುರುಷ ತಿಮ್ಮಣ್ಣಾಚಾರ್ಯರು ಮಾಡಿದ ಹುಗ್ಗಿಯನ್ನು ಉಂಡು ಮೆಚ್ಚಿ ಮಹಾರಾಜರು ಹಣ ಕೊಟ್ಟರು ಎಂದು ನಂಜನಗೂಡಿನವರು. ಛೆ, ಹುಗ್ಗಿಯಂತೆ ಹುಗ್ಗಿ, ಆಚಾರ್ಯರು ನಲವತ್ತು ಪಂಡಿತರನ್ನು ಮೂರು ದಿನ ವಾದದಲ್ಲಿ ಸೋಲಿಸಿದ್ದಕ್ಕೆ ಕೊಟ್ಟರು ಎಂದು ನರಸೀಪುರದವರು. ಪುಟ್ಟಲಕ್ಷ್ಮಿ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವರು. ನಲವತ್ತು ಪಂಡಿತರಿಗೆ ಕಡಲೆಕಾಳಿಗಿಂತ ಚಿಕ್ಕದಾದ ಒಂದೇ ಹಣ ಎಂದರೆ ತಲೆಗೆ ಎಷ್ಟು ಬಿತ್ತು ಎಂದು ಮದುವೆಯಾದ ಹೊಸದರಲ್ಲಿ ಲೆಕ್ಕ ಹಾಕಿದ್ದರು. ಹುಗ್ಗಿಯ ಕಥೆಯೇ ಮಹಾರಾಜರ ಮರ್ಯಾದೆಗೆ ಒಳ್ಳೆಯದು ಎಂದು ಅಂದೇ ತೀರ್ಮಾನವಾಗಿತ್ತು.

ನರಸೀಪುರದ ಮನೆಗೆ ಯಜಮಾನರು ಅನಂತಪದ್ಮನಾಭ. ಪುಟ್ಟಲಕ್ಷ್ಮಿಯವರ ಗಂಡ ಜಯತೀರ್ಥರ ಚಿಕ್ಕಪ್ಪನ ಮಗ, ನಿವೃತ್ತ ಶಿರಸ್ತೇದಾರರು. ಕಾಗದಕ್ಕೆ ಬಂದದ್ದು ಸತ್ಯ, ಬಾರದ್ದು ಗಾಳಿ ಎಂಬುದು ಅವರ ವೇದಾಂತ. ಹಣದ ಹಸ್ತಾಂತರಕ್ಕೂ ಒಂದು ಮಹಜರಿನ ನಮೂನೆ ಮಾಡಿಟ್ಟಿದ್ದರು. ‘ಮೇಲ್ಕಂಡ ಸ್ವತ್ತು ಯಥಾಸ್ಥಿತಿಯಲ್ಲಿರುವುದನ್ನು ಖುದ್ದು ಪರಿಶೀಲಿಸಿದೆವು’ ಎಂದು ಪ್ರತಿವರ್ಷ ಎರಡೂ ಮನೆಯವರು ರುಜು ಹಾಕುತ್ತಿದ್ದರು. ಪರಿಶೀಲಿಸಿದ್ದು ಗಂಧದ ಉಂಡೆಯನ್ನು. ಯಥಾಸ್ಥಿತಿಯಲ್ಲಿದ್ದದ್ದು ನಮೂನೆಯೊಂದೇ.

ಇಂಥ ಅನಂತಪದ್ಮನಾಭ ಈ ವರ್ಷದ ಯುಗಾದಿಯ ಬೆಳಿಗ್ಗೆ ಫೋನು ಮಾಡಿದರು. ಶ್ರಾವಣದಲ್ಲಿ ತಮ್ಮ ಭೀಮರಥ ಶಾಂತಿ, ಎಪ್ಪತ್ತು ತುಂಬುತ್ತದೆ. ಆಗ ಮನೆತನದ ಬಗ್ಗೆ ಒಂದು ಸ್ಮರಣ ಸಂಚಿಕೆ ತರಬೇಕೆಂದಿದ್ದಾರೆ. ಮೊದಲ ಪುಟದಲ್ಲಿ ಹಣದ ಬಣ್ಣದ ಫೋಟೋ, ಎದುರು ಪುಟದಲ್ಲಿ ತಜ್ಞರ ಪ್ರಮಾಣಪತ್ರ. ಅದಕ್ಕಾಗಿ ಜಯಂತಿಯ ಹಿಂದಿನ ದಿನವೇ ಸ್ವಾಮಿಯನ್ನು ಕರೆದುಕೊಂಡು ಬಂದುಬಿಡಬೇಕು. ಗಂಧ ತೆಗೆಸಿ, ನಾಣ್ಯ ಯಾವುದೆಂದು ಗುರುತು ಹಿಡಿಸಿ, ಮಾರನೆಯ ದಿನ ಹೊಸ ಗಂಧ ಹಚ್ಚಿದರಾಯಿತು.

“ಗಂಧ ತೆಗೆಯೋ ಹಾಗಿಲ್ಲವಲ್ಲ ಅನಂತು,” ಎಂದರು ಪುಟ್ಟಲಕ್ಷ್ಮಿ. ದನಿ ಎಂದಿನಂತೆಯೇ ಇತ್ತು. ಕೈಯಲ್ಲಿದ್ದ ಬೇವಿನ ಹೂವು ಮಾತ್ರ ಬೆಲ್ಲವಿಲ್ಲದೆ ಬಾಯಿಗೆ ಹೋಗಿಬಿಟ್ಟಿತ್ತು.

“ತಿಳಿದ ಆಚಾರ್ಯರನ್ನ ಕೇಳಿದೀನಿ ಅತ್ತಿಗೆ. ಜೀರ್ಣೋದ್ಧಾರ ಅನ್ನೋ ಬಾಬ್ತಿನಲ್ಲಿ ಅವಕಾಶ ಇದೆಯಂತೆ. ಮುನ್ನೂರೈವತ್ತು ವರ್ಷದ ಸ್ವತ್ತು, ಒಂದು ದಾಖಲೆ ಅಂತ ಬೇಡವೇ? ನಾಳೆ ನಾವೆಲ್ಲ ಹೋದಮೇಲೆ ಯಾರಾದರೂ ತಕರಾರು ತೆಗೆದರೆ?”

ತಕರಾರು ತೆಗೆಯಬಲ್ಲವರು ಭೂಮಿಯ ಮೇಲೆ ಒಬ್ಬರೇ ಇದ್ದರು. ಅವರು ಫೋನಿನ ಈಚೆ ಬದಿಯಲ್ಲಿ ಬೇವು ಜಗಿಯುತ್ತಿದ್ದರು.

೧೯೯೪ರ ವಿಧಾನಸಭೆ ಚುನಾವಣೆಯ ಹೊತ್ತು ಅದು. ಸ್ವಾಮಿ ನಂಜನಗೂಡಿನ ಸರದಿಯಲ್ಲಿದ್ದರು. ಸಂಸ್ಕೃತ ಮೇಷ್ಟರಾಗಿದ್ದ ಜಯತೀರ್ಥರು ಮತಪೆಟ್ಟಿಗೆಯ ಜೊತೆ ಯಾವುದೋ ಹಳ್ಳಿಗೆ ಹೋಗಿದ್ದರು. ನಾಲ್ಕು ವರ್ಷದ ಮಗ ರಘುವಿಗೆ ಜ್ವರ. ಪುಟ್ಟಲಕ್ಷ್ಮಿ ಭರಣಿ ತೆಗೆದರು. ಉಂಡೆಯ ಮೇಲೆ ನೀರು ಬಿಡುವುದಷ್ಟೇ ಕ್ರಮ. ಬಿಟ್ಟರೇ ಇಷ್ಟು ಗುಣವಿದ್ದರೆ ನೆನೆಸಿಟ್ಟರೆ ಇನ್ನೆಷ್ಟು ಇರಬೇಡ ಎಂದು ಗಣಿತದ ತಲೆ ಯೋಚಿಸಿತು. ಅರ್ಧ ಗಂಟೆ ಬಟ್ಟಲಲ್ಲಿ ನೆನೆದ ಗಂಧ ಬಿರಿಯಿತು. ಉದ್ಧರಣೆಯಲ್ಲಿ ತೀರ್ಥ ತುಂಬಿ ಮಗುವಿನ ಬಾಯಿಗೆ ಬಗ್ಗಿಸುವಾಗ ತಳದಲ್ಲಿ ಏನೋ ಹಳದಿಯಾಗಿ ಮಿಂಚಿತು. ಮಿಂಚಿದ್ದನ್ನು ಇವರು ಕಂಡದ್ದೂ ರಘು ಗುಟುಕರಿಸಿದ್ದೂ ಒಟ್ಟಿಗೇ ಆಯಿತು. ಅಷ್ಟು ತಲೆಮಾರುಗಳ ನಂತರ ಹೊರಗೆ ಬಂದ ಸ್ವಾಮಿ ಅರ್ಧ ಕ್ಷಣ ಬೆಳಕು ನೋಡಿ ಮತ್ತೆ ಕತ್ತಲೆಗೆ ಹೋದರು.

ಜ್ವರವೇನೋ ಬಿಟ್ಟಿತು. ಮೂರು ದಿನ ಪುಟ್ಟಲಕ್ಷ್ಮಿ ಹಳೆಯ ಪೇಪರು, ಕಡ್ಡಿ ಹಿಡಿದು ಮಗನ ಹಿಂದೆ ತಿರುಗಿದರು. ಆ ತಪಾಸಣೆಯ ವಿವರ ಬೇಡ. ಸ್ವಾಮಿ ದರ್ಶನ ಕೊಡಲಿಲ್ಲ. ಜಯತೀರ್ಥರು ಬೆರಳಿಗೆ ಶಾಯಿ ಮೆತ್ತಿಕೊಂಡು ಮನೆಗೆ ಬರುವಷ್ಟರಲ್ಲಿ, ಬಜಾರಿನ ಚಿನ್ನದ ಆಚಾರಿಯೊಬ್ಬರು ಹೊಸ ಸ್ವಾಮಿಯನ್ನು ಮಾಡಿಕೊಟ್ಟಿದ್ದರು. ಚಿನ್ನ ಪುಟ್ಟಲಕ್ಷ್ಮಿಯವರದು. ತಾಯಿ ಸಾಯುವ ಮುಂಚೆ ತಮ್ಮ ಕಿವಿಯಿಂದ ಬಿಚ್ಚಿ ಕೊಟ್ಟಿದ್ದ ಜೋಡಿ ಓಲೆಗಳಲ್ಲಿ ಒಂದು. ಉಳಿದ ಪುಡಿ ಕೂಲಿಗೆ ಸರಿಹೋಯಿತು ಎಂದಿದ್ದರು ಆಚಾರಿ. ಇಷ್ಟು ಚಿಕ್ಕ ಜಾಗದಲ್ಲಿ ನರಸಿಂಹನನ್ನು ಕೂರಿಸುವುದು ತಮ್ಮಿಂದಾಗದು, ಎರಡು ಕಣ್ಣು, ಒಂದು ಮೂಗು, ಆ ಕಡೆ ಮೂರು ಈ ಕಡೆ ಮೂರು ಮೀಸೆಯಂಥ ಗೀಟು ಹಾಕಿದ್ದೇನೆ ಎಂದೂ ಹೇಳಿದ್ದರು. ಪುಟ್ಟಲಕ್ಷ್ಮಿ ಬೆಳಕಿಗೆ ಹಿಡಿದು ನೋಡಿದರು. ಬೆಕ್ಕು. ಅಪ್ಪಟ ಬೆಕ್ಕಿನ ಮುಖ. ಗಂಧ ದಪ್ಪಗೆ ಬಳಿದರೆ ಬೆಕ್ಕಾದರೇನು ಸಿಂಹವಾದರೇನು ಎಂದು ಬಳಿದರು.

ಗಂಡನಿಗೆ ಹೇಳಲಿಲ್ಲ. ಆಚಾರಿ ಕಾಲವಾದರು. ಏಳು ವರ್ಷದ ಹಿಂದೆ ರಘುವಿಗೆ ಮೂತ್ರಪಿಂಡದ ಕಲ್ಲೆಂದು ಎಕ್ಸ್‌ರೇ ತೆಗೆದಾಗ, ಬೇರೇನಾದರೂ ಹೊಳೆಯುವಂಥದ್ದು ಕಾಣುತ್ತದೆಯೇ ಎಂದು ಡಾಕ್ಟರನ್ನು ಮೆಲ್ಲಗೆ ವಿಚಾರಿಸಿದ್ದೂ ಆಯಿತು. ಮೂವತ್ತು ವರ್ಷ ಎರಡು ಊರಿನ ಎರಡು ಮನೆಗಳು ಒಂದು ಬೆಕ್ಕಿಗೆ ಷೋಡಶೋಪಚಾರ ಪೂಜೆ ನಡೆಸಿದವು. ಸ್ವಾಮಿಗೆ ಕೈಮುಗಿಯುವಾಗಲೆಲ್ಲ ಪುಟ್ಟಲಕ್ಷ್ಮಿಯವರಿಗೆ ಅಮ್ಮನ ಎಡಗಿವಿ ನೆನಪಾಗುತ್ತಿತ್ತು. ಅದೊಂದು ಕಾರಣಕ್ಕೆ ಅವರ ನಮಸ್ಕಾರದಲ್ಲಿ ಸುಳ್ಳಿರಲಿಲ್ಲ.

ಈಗ ಸಂಚಿಕೆಯ ಮೊದಲ ಪುಟದಲ್ಲಿ, ಬಣ್ಣದಲ್ಲಿ, ಬೆಕ್ಕು. ಮನೆದೇವರನ್ನು ಕದ್ದ ಸೊಸೆ ಎಂಬ ಹೆಸರು ಅದರ ಕೆಳಗೆ ಅಚ್ಚಾಗದಿದ್ದರೂ, ಶ್ರಾವಣದ ಹೊತ್ತಿಗೆ ಮನೆ ಮನೆಯ ಅಡುಗೆಮನೆಯಲ್ಲಿ ಅಚ್ಚಾಗಿರುತ್ತದೆ.

ಪುಟ್ಟಲಕ್ಷ್ಮಿ ಗಂಡನ ಕಿವಿಯಲ್ಲಿ ಕಟ್ಟಳೆಯ ಮಾತನ್ನು ಮೂರು ಸಲ ಹಾಕಿ ನೋಡಿದರು. ಜಯತೀರ್ಥರಿಗೆ ಪ್ರಮಾಣಪತ್ರದ ಆಸೆ ಹತ್ತಿಬಿಟ್ಟಿತ್ತು. ತಮ್ಮ ಹುಗ್ಗಿಯ ಕಥೆಯನ್ನೂ ಸಂಚಿಕೆಯಲ್ಲಿ ಹಾಕಿಸಬೇಕೆಂದು ನಾಲ್ಕು ಪುಟ ಬರೆದಿಟ್ಟುಕೊಂಡಿದ್ದರು. ಉಳಿದದ್ದು ಬಸ್ಸು. ಹೊರಡುವ ದಿನ ಹೆಂಗಸರ ಸೀಟಿನಲ್ಲಿ ಕೂತು, ಆಧಾರ್ ಕಾರ್ಡು ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ಟು ಪಡೆದ ಪುಟ್ಟಲಕ್ಷ್ಮಿ ಭರಣಿಯಿದ್ದ ವ್ಯಾನಿಟಿ ಬ್ಯಾಗನ್ನು ಕಾಲಿನಿಂದ ಸೀಟಿನಡಿಗೆ ಮೆಲ್ಲಗೆ ತಳ್ಳಿದರು. ಬಸ್ಸಿನಲ್ಲಿ ಕಳೆದುಹೋಯಿತು ಎಂದರೆ ನಾಲ್ಕು ದಿನ ಅಳಬಹುದು, ಅತ್ತು ಮುಗಿಸಬಹುದು. ನರಸೀಪುರದಲ್ಲಿ ಇಳಿದು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಿಂದಿನಿಂದ ಕಂಡಕ್ಟರು ಓಡಿಬಂದರು.

“ಅಮ್ಮಾ, ನಿಮ್ ಬ್ಯಾಗು ಕಣಮ್ಮಾ, ಸೀಟ್ ಕೆಳಗೇ ಬುಟ್ಟು ಒಂಟೋದ್ರಲ್ಲಾ. ಒಳಗೆ ಬೆಳ್ಳಿ ಸಾಮಾನ್ ಬೇರೆ ಅದೆ.”

ಲೋಕದಲ್ಲಿ ಪ್ರಾಮಾಣಿಕತೆ ಬೇಕಾದಾಗ ಸಿಗುವುದಿಲ್ಲ, ಬೇಡವಾದಾಗ ಅಟ್ಟಿಸಿಕೊಂಡು ಬರುತ್ತದೆ ಎಂದುಕೊಳ್ಳುತ್ತ ಪುಟ್ಟಲಕ್ಷ್ಮಿ ಬ್ಯಾಗು ಇಸಿದುಕೊಂಡರು. ಜಯತೀರ್ಥರು ಕಂಡಕ್ಟರಿಗೆ ಆಶೀರ್ವಾದ ಮಾಡಿದರು.

ಅನಂತಪದ್ಮನಾಭರ ಮನೆಯ ನಡುಮನೆಯಲ್ಲಿ ಮೇಜಿಗೆ ರೇಷ್ಮೆ ವಸ್ತ್ರ ಹಾಸಿತ್ತು. ತಜ್ಞರು ಆಗಲೇ ಬಂದು ಕೂತಿದ್ದರು. ಸಂಘಮಿತ್ರಾ ಎಂದು ಹೆಸರು, ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವರು, ನಲವತ್ತರ ಆಸುಪಾಸು. ಹಳೆಯ ನಾಣ್ಯಗಳ ಬಗ್ಗೆ ಅವರು ಪತ್ರಿಕೆಯಲ್ಲಿ ಬರೆದದ್ದನ್ನು ನೋಡಿ ಅನಂತಪದ್ಮನಾಭ ಫೋನಿನಲ್ಲೇ ಗೊತ್ತುಮಾಡಿದ್ದರು. ಎದುರಿಗೆ ಕಂಡಮೇಲೆ, ಶಿರಸ್ತೇದಾರಿಕೆಯ ಹಳೆಯ ಚಟದಿಂದ, ಮೂಲದಾಖಲೆ ಕೆದಕತೊಡಗಿದ್ದರು.

“ಸಂಘಮಿತ್ರಾ ಅಂದ್ರೆ ಬಂಗಾಳದ ಕಡೆಯವರೇನಮ್ಮಾ?”

“ಇಲ್ಲ ಸಾರ್, ಬನ್ನೂರು ಕಡೆ.”

“ಬನ್ನೂರಿನಲ್ಲಿ ಯಾರ ಪೈಕಿ? ಅಲ್ಲಿ ನಾನು ನಾಲ್ಕು ವರ್ಷ ಇದ್ದೆ, ಎಲ್ಲಾ ಖಾತೆದಾರರೂ ಗೊತ್ತು ನನಗೆ.”

“ಕೆಂಪಯ್ಯನ ಮೊಮ್ಮಗಳು ಸಾರ್. ನಿಮಗೆ ಗೊತ್ತಿರಲ್ಲ ಬಿಡಿ. ನಮ್ ತಾತನ ಹೆಸರಲ್ಲಿ ಪಹಣಿ ಇರ್ಲಿಲ್ಲ.”

ಅಡುಗೆಮನೆಯಿಂದ ಕಾಫಿ ಬಂತು, ಪೇಪರ್ ಲೋಟದಲ್ಲಿ. ಭೇದಭಾವ ಕಾಣಬಾರದೆಂದು ಅನಂತಪದ್ಮನಾಭ ಎಲ್ಲರಿಗೂ ಪೇಪರ್ ಲೋಟವನ್ನೇ ಕೊಡಿಸಿದರು. ಹಾಗೆ ಆ ಮನೆಯಲ್ಲಿ ಒಂದು ಕಾಫಿ ಕುಡಿಯುವಷ್ಟು ಹೊತ್ತು ಸಮಾನತೆ ನೆಲೆಸಿತ್ತು. ಅನಂತಪದ್ಮನಾಭರ ಲೋಟದಲ್ಲಿ ಮಾತ್ರ ಬಿಸಿನೀರು. ಒಂಬತ್ತು ವರ್ಷದಿಂದ ಅವರು ಕಾಫಿ ಬಿಟ್ಟಿದ್ದರು. ರಕ್ತದೊತ್ತಡವಂತೆ.

ಗಂಧ ತೆಗೆಯುವವರು ಯಾರು ಎಂಬ ಪ್ರಶ್ನೆ ಬಂತು. ಸ್ವಾಮಿಯನ್ನು ಮಡಿಯಲ್ಲಿ ಮುಟ್ಟಬೇಕು ಎಂದು ಜಯತೀರ್ಥರು ಸಂಸ್ಕೃತದಲ್ಲಿ ಶುರುಮಾಡಿ ಕನ್ನಡದಲ್ಲಿ ನಿಲ್ಲಿಸಿದರು. ಮೇಡಂ ಬೇಕಾದರೆ ಕೈಗೆ ಗ್ಲೌಸು ಹಾಕಿಕೊಳ್ಳಬಹುದೇನೋ ಎಂದು ಅನಂತಪದ್ಮನಾಭ ಗೋಡೆಯನ್ನು ನೋಡುತ್ತ ಹೇಳಿದರು. ಸಂಘಮಿತ್ರಾ ಬ್ಯಾಗಿನಿಂದ ಬಿಳಿ ಹತ್ತಿಯ ಗ್ಲೌಸುಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿದರು. ಮೂರು ಜೊತೆ.

“ನಾಣ್ಯಕ್ಕೆ ಯಾರ ಬೆವರೂ ತಾಗಬಾರದು ಸಾರ್. ಮುಟ್ಟೋರು ಎಲ್ಲರೂ ಹಾಕ್ಕೋಬೇಕು. ನೀವೂ ಹಾಕ್ಕೊಳ್ಳಿ,” ಎಂದು ಅವರೇ ಮೊದಲು ತೊಟ್ಟುಕೊಂಡರು.

ಭರಣಿಯಿಂದ ಉಂಡೆ ಹೊರಬಂತು. ಸಂಘಮಿತ್ರಾ ಅದನ್ನು ಬೋಗುಣಿಯ ನೀರಿಗೆ ಇಳಿಬಿಟ್ಟು, ಬಿದಿರಿನ ಕಡ್ಡಿಯಿಂದ ನಡುಮಧ್ಯಕ್ಕೆ ಗೀರು ಹಾಕಿ, ಸಣ್ಣಗೆ ಅದುಮಿದರು. ಉಂಡೆ ಎರಡು ಹೋಳಾಯಿತು. ಪುಟ್ಟಲಕ್ಷ್ಮಿ ಕಂಬಕ್ಕೆ ಒರಗಿ ನಿಂತು ಬೆಕ್ಕಿನ ದಾರಿ ಕಾಯುತ್ತಿದ್ದರು. ಹೇಳಬೇಕಾದ ಮಾತುಗಳನ್ನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದರು: ಮಗುವಿಗೆ ಜ್ವರ, ಮನೆಯಲ್ಲಿ ನಾನೊಬ್ಬಳೇ. ಆ ಮಾತು ಮುಗಿದ ಮೇಲೆ ಈ ಮನೆಯ ಜಗುಲಿ ಹತ್ತಲು ತಮಗೆ ಮುಖವಿರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿದಿದ್ದರು.

ಸಂಘಮಿತ್ರಾ ಹಳದಿ ಚೂರನ್ನು ಕುಂಚದಿಂದ ಒರೆಸಿ, ಬಟ್ಟೆಯ ಮೇಲಿಟ್ಟು, ಮಸೂರ ಹಿಡಿದು ಬಗ್ಗಿದರು. “ಬನ್ನಿ ಅಮ್ಮಾ, ನೀವೂ ನೋಡಿ. ಚೆನ್ನಾಗಿ ಕಾಣ್ತಿದೆ ನರಸಿಂಹ.”

ಪುಟ್ಟಲಕ್ಷ್ಮಿ ನೋಡಿದರು. ಮಂಡಿ ಮಡಚಿ, ಯೋಗದಲ್ಲಿ, ಸ್ವಾಮಿ ಕೂತಿದ್ದರು. ತೋಳುಗಳಿದ್ದವು. ಕೇಸರವಿತ್ತು. ತಿರುವಿ ಹಾಕಿದಾಗ ಹಿಂಬದಿಯಲ್ಲಿ ನಾಗರಿ ಲಿಪಿಯ ಸಾಲುಗಳು. ಬೆಕ್ಕು ಇರಲಿಲ್ಲ.

ಅವರಿಗೆ ಕಣ್ಣು ಮಂಜಾಯಿತು. ಗಣಿತದ ತಲೆ ಅಲ್ಲಿಗೆ ನಿಂತಿತು. ಮೂವತ್ತು ವರ್ಷದ ಪೂಜೆಗೆ, ಆ ಕಪಟವಿಲ್ಲದ ನಮಸ್ಕಾರಕ್ಕೆ, ಸ್ವಾಮಿ ಮನಕರಗಿ ಬೆಕ್ಕಿನ ರೂಪ ಬಿಟ್ಟು ನಿಜರೂಪ ತಾಳಿದ್ದರು. ಕಂಬದಿಂದ ಬಂದವನಿಗೆ ಓಲೆಯಿಂದ ಬರುವುದು ಯಾವ ದೊಡ್ಡ ಮಾತು? ಪುಟ್ಟಲಕ್ಷ್ಮಿ ಕೈಮುಗಿದರು. ಕೆನ್ನೆಯ ಮೇಲೆ ನೀರು ಇಳಿಯಿತು. ಜಯತೀರ್ಥರು ಹೆಂಡತಿಯ ಭಕ್ತಿಯನ್ನು ಹೆಮ್ಮೆಯಿಂದ ನೋಡಿದರು.

ಸಂಘಮಿತ್ರಾ ಅಷ್ಟರಲ್ಲಿ ಚಿಕ್ಕ ತಕ್ಕಡಿಯಲ್ಲಿ ತೂಕ ನೋಡಿ, ಬರೆದುಕೊಂಡು, ಶಾಂತವಾಗಿ ಹೇಳತೊಡಗಿದರು. ಚಿನ್ನದ್ದೇ, ಅಸಲ್ ಕಂಠೀರಾಯಿ ಹಣ. ಆದರೆ ಕಂಠೀರವ ನರಸರಾಜರ ಕಾಲದ್ದಲ್ಲ. ಅವರದು ಅಗಲ, ತೆಳು. ಇದು ಗಿಡ್ಡ, ದಪ್ಪ. ದಿವಾನ್ ಪೂರ್ಣಯ್ಯನವರು ಹಳೆಯ ರಾಜರ ಮಾದರಿಯಲ್ಲೇ ಮತ್ತೆ ಅಚ್ಚು ಹಾಕಿಸಿದ್ದು. ಅವರ ಕಾಲಕ್ಕಿಂತ ನೂರೈವತ್ತು ವರ್ಷ ಈಚಿನದು. ತೀರಾ ಅಪರೂಪದ್ದೂ ಅಲ್ಲ, ನಾಣ್ಯದ ವ್ಯಾಪಾರಿಗಳ ಹತ್ತಿರ ಸಿಗುತ್ತದೆ.

ನಲವತ್ತು ಪಂಡಿತರೂ ಹುಗ್ಗಿಯ ಹಂಡೆಯೂ ಒಂದೇ ಏಟಿಗೆ ಹೊಳೆಗೆ ಬಿದ್ದವು. ಜಯತೀರ್ಥರು ಜೇಬಿನಲ್ಲಿದ್ದ ನಾಲ್ಕು ಪುಟಗಳನ್ನು ಮುಟ್ಟಿ ನೋಡಿಕೊಂಡರು. ಇಸವಿ ಹಾಕದೆ ಬರೀ ಕಂಠೀರಾಯಿ ಎಂದಷ್ಟೇ ಬರೆದುಕೊಡಲಾದೀತೇ ಎಂದು ಅನಂತಪದ್ಮನಾಭ ಕೇಳಿದರು. ಆಗುವುದಿಲ್ಲ ಎಂದರು ಸಂಘಮಿತ್ರಾ. ಶಿರಸ್ತೇದಾರರು ಕ್ಷಣಹೊತ್ತು ಸೂರು ನೋಡಿದರು. ಆಮೇಲೆ ಮುಖ ಅರಳಿತು. ಪೂರ್ಣಯ್ಯನವರೆಂದರೆ ಮಾಧ್ವರು, ನಮ್ಮವರೇ! ಮಹಾರಾಜರು ಕೊಟ್ಟರು ಎಂಬುದು ಬಾಯಿಂದ ಬಾಯಿಗೆ ಬರುವಾಗ ಆದ ತಪ್ಪು. ಕೊಟ್ಟದ್ದು ದಿವಾನರು, ತಿಮ್ಮಣ್ಣಾಚಾರ್ಯರ ಮರಿಮಗನಿಗೆ. ಹುಗ್ಗಿಯನ್ನು ದಿವಾನರಿಗೂ ಬಡಿಸಬಹುದಲ್ಲ ಎಂದು ಜಯತೀರ್ಥರೂ ಒಪ್ಪಿದರು. ಮುನ್ನೂರೈವತ್ತು ವರ್ಷದ ಐತಿಹ್ಯಕ್ಕೆ ಆದ ಗಾಯ ಎರಡು ನಿಮಿಷದಲ್ಲಿ ಮಾಯ್ದಿತು.

“ನಮ್ ಅಜ್ಜಿ ಮುದ್ದಮ್ಮನ ಹತ್ರಾನೂ ಒಂದು ತೂತಿನ ಕಾಸಿತ್ತು ಸಾರ್,” ಎಂದರು ಸಂಘಮಿತ್ರಾ, ಪ್ರಮಾಣಪತ್ರ ಬರೆಯುತ್ತ. “ಯಾರು ಕೊಟ್ರಜ್ಜೀ ಅಂದ್ರೆ, ಅಂಗ್ಡೀಲಿ ಚಿಲ್ರೆ ಕೊಟ್ರು ಕಣವ್ವಾ ಅನ್ನೋದು.”

ಅವರು ಬೋಗುಣಿಯಿಂದ ಗಂಧದ ಹೋಳುಗಳನ್ನು ಎತ್ತಿ, ಇದನ್ನು ಚೆಲ್ಲುವುದೋ ಇಟ್ಟುಕೊಳ್ಳುವುದೋ ಎಂದು ಕೇಳುತ್ತ, ಹೋಳಿನ ಒಳಬದಿಯನ್ನು ಸುಮ್ಮನೆ ನೋಡಿದರು. ಈರುಳ್ಳಿಯ ಹಾಗೆ ಎಂದು ಆ ಮನೆಯಲ್ಲಿ ಹೇಳುವಂತಿಲ್ಲ. ಎಲೆಕೋಸಿನ ಹಾಗೆ ಪದರ ಪದರವಾಗಿತ್ತು. ಒಂದು ಕೆಂಪು, ಒಂದು ಹಳದಿ.

“ವರ್ಷಕ್ಕೊಂದು ಪದರ ಅಂದ್ರಲ್ವಾ? ಇಲ್ಲಿ ಒಂಬತ್ತೇ ಇದೆಯಲ್ಲಾ.”

ಹಳೆಯ ಪದರಗಳು ತಾವಾಗಿ ಉದುರಿಹೋಗುತ್ತವೆ ಎಂದು ಅನಂತಪದ್ಮನಾಭ ಬೇಗ ಹೇಳಿದರು. ಉದುರುವುದಾದರೆ ಹೊರಗಿನದು ಉದುರಬೇಕು, ಒಳಗಿನದು ಹೇಗೆ ಉದುರುತ್ತದೆ ಎಂದು ಯಾರೂ ಕೇಳಲಿಲ್ಲ. ಕೇಳಬಹುದಾದವರು ಕಂಬದ ಪಕ್ಕ ಬೆರಳು ಮಡಚುತ್ತಿದ್ದರು. ಹೊರಗಿನ ಕೆಂಪು ಹೋದ ವರ್ಷದ್ದು, ೨೦೨೪. ಅದರೊಳಗಿನ ಹಳದಿ ಅದರ ಹಿಂದಿನದು. ಹೀಗೆ ಒಂಬತ್ತು ಹೆಜ್ಜೆ ಹಿಂದೆ ನಡೆದರೆ ಸಿಗುವುದು ೨೦೧೬. ಕಟ್ಟಕಡೆಯ ಪದರವೂ ಕೆಂಪು, ನಡುವಿನ ಮುದ್ದೆಯೂ ಕೆಂಪು. ಎಂದರೆ ಸ್ವಾಮಿ ಅವತಾರ ಎತ್ತಿದ್ದು ನರಸೀಪುರದ ಸರದಿಯಲ್ಲಿ, ಕುಂಕುಮ ಬೆರೆಸುವ ಕೈಗಳಲ್ಲಿ. ಪವಾಡ ಅಷ್ಟಕ್ಕೇ ಮುಗಿಯಿತು. ಪುಟ್ಟಲಕ್ಷ್ಮಿ ಕೆನ್ನೆ ಒರೆಸಿಕೊಂಡು ಮೈದುನನನ್ನು ನೋಡಿದರು. ಮೈದುನ ಅವರ ಮಡಚಿದ ಬೆರಳುಗಳನ್ನು ನೋಡುತ್ತಿದ್ದರು.

ಸಂಘಮಿತ್ರಾ ಹೊರಟಾಗ ಪುಟ್ಟಲಕ್ಷ್ಮಿ ಜಗುಲಿಯವರೆಗೆ ಹೋದರು. ಪದರದ ವಿಷಯ ಪ್ರಮಾಣಪತ್ರದಲ್ಲಿ ಬರುತ್ತದೆಯೇ ಎಂದು ಕೇಳಬೇಕೆಂದಿದ್ದರು. ಆಕೆ ಚಪ್ಪಲಿ ಮೆಟ್ಟುತ್ತ ತಾವೇ ಹೇಳಿದರು.

“ನಾನು ನಾಣ್ಯದ ವಿಷಯ ಮಾತ್ರ ಬರೀತೀನಿ ಅಮ್ಮಾ. ಮನೆ ವಿಷಯ ಬರಿಯಲ್ಲ.”

ಅನಂತಪದ್ಮನಾಭ ಹಿತ್ತಿಲಿಗೆ ಬಂದದ್ದು ಸಂಜೆ. ಪುಟ್ಟಲಕ್ಷ್ಮಿ ಮಾರನೆಯ ದಿನದ ಪೂಜೆಗೆ ತುಳಸಿ ಬಿಡಿಸುತ್ತಿದ್ದರು. ಎಪ್ಪತ್ತರ ಮನುಷ್ಯ ಬಾವಿಕಟ್ಟೆಯ ಮೇಲೆ ಕೂತು, ಹೆಗಲ ವಸ್ತ್ರವನ್ನು ಕೈಯಲ್ಲಿ ಹಿಂಡುತ್ತ, ಅತ್ತಿಗೆ ಎಂದರು.

ವಿಷಯ ಇಷ್ಟು. ಆ ವರ್ಷ ನರಸೀಪುರದಲ್ಲಿ ನಡೆದ ಕುಂಭಮೇಳದಲ್ಲಿ ಸ್ವಾಮಿಗೂ ಸಂಗಮದ ಸ್ನಾನವಾಗಲಿ ಎಂದು ಉಂಡೆಯನ್ನು ಮುಷ್ಟಿಯಲ್ಲಿ ಹಿಡಿದು ಮುಳುಗಿದ್ದರು. ಜನ ನೂಕಿದರು. ಎದ್ದು ಕೈ ಬಿಚ್ಚಿದರೆ ಅಂಗೈಯಲ್ಲಿ ಬರೀ ಗಂಧದ ಕೆಸರು. ಮಾರನೆಯ ದಿನ ಮೈಸೂರಿಗೆ ಹೋಗಿ ಹಳೆಯ ನಾಣ್ಯದ ವ್ಯಾಪಾರಿಯನ್ನು ಹುಡುಕಿದರು. ಆತ ಪ್ಲಾಸ್ಟಿಕ್ ಕವರಿನಿಂದ ಹತ್ತು ಹದಿನೈದು ನರಸಿಂಹರನ್ನು ಸುರಿದು, ಯಾವುದು ಬೇಕೋ ಆರಿಸಿಕೊಳ್ಳಿ ಎಂದ. ಈಗ ತಜ್ಞರ ಬಾಯಲ್ಲಿ ಅಸಲು ಎಂದು ಹೇಳಿಸಿ ಕಾಗದಕ್ಕೆ ತಂದುಬಿಟ್ಟರೆ ಮನಸ್ಸು ಹಗುರಾದೀತು ಎಂದುಕೊಂಡಿದ್ದರು. ಆಗಲಿಲ್ಲ.

“ಮಹಾರಾಜರು ಕೊಟ್ಟಿದ್ದು ಅತ್ತಿಗೆ. ನಿಮ್ಮ ಮನೇಲಿದ್ದಷ್ಟು ದಿನ ಭದ್ರವಾಗಿತ್ತು. ನನ್ನ ಕೈಗೆ ಬಂದು ಹೊಳೆ ಪಾಲಾಯ್ತು. ರಕ್ತದೊತ್ತಡ ಗಿಕ್ತದೊತ್ತಡ ಎಲ್ಲಾ ಸುಳ್ಳು. ಪ್ರಾಯಶ್ಚಿತ್ತ ಅಂತ ಅವತ್ತೇ ಕಾಫಿ ಬಿಟ್ಟೆ.”

ಪುಟ್ಟಲಕ್ಷ್ಮಿಯವರಿಗೆ ಮೊದಲು ಬಂದದ್ದು ಸಿಟ್ಟು. ಅಮ್ಮನ ಓಲೆ. ಒಂಬತ್ತು ವರ್ಷದಿಂದ ಅದು ಕಾವೇರಿಯ ಮರಳಿನಲ್ಲಿದೆ, ತಾವು ಪ್ಲಾಸ್ಟಿಕ್ ಕವರಿನ ಸರಕಿಗೆ ಅಮ್ಮನೆಂದು ತಲೆಬಾಗುತ್ತಿದ್ದಾರೆ. ನಿನಗೆ ಮುಷ್ಟಿ ಬಿಗಿಹಿಡಿಯಲು ಬರುತ್ತಿರಲಿಲ್ಲವೇನಯ್ಯಾ ಎಂದು ಕೇಳುವ ಹಾಗಿಲ್ಲ. ಆಮೇಲೆ ನಿಜ ನಾಲಿಗೆಯ ತುದಿಗೆ ಬಂತು: ಅನಂತು, ನೀನು ಕಳೆದದ್ದು ಬೆಕ್ಕು. ಒಂದೇ ಸಾಲು. ಈ ಮುದುಕನ ಎದೆಯ ಮೇಲಿನ ಕಲ್ಲು ಇಳಿಯುತ್ತದೆ. ಇಳಿದ ಕಲ್ಲು ತಮ್ಮ ತಲೆಯ ಮೇಲೆ ಬೀಳುತ್ತದೆ. ಜೊತೆಗೆ ಒಂಬತ್ತು ವರ್ಷದ ಕಾಫಿ ಒಂದು ಬೆಕ್ಕಿಗಾಗಿ ಹೋಯಿತು ಎಂದು ತಿಳಿದರೆ ಮನುಷ್ಯ ತಡೆದುಕೊಂಡಾನೇ? ಪುಟ್ಟಲಕ್ಷ್ಮಿ ಆ ಕಡೆಯಿಂದ ಕೂಡಿದರು, ಈ ಕಡೆಯಿಂದ ಕಳೆದರು. ಯಾವ ಕಡೆಯಿಂದ ಮಾಡಿದರೂ ಉತ್ತರ ಸುಮ್ಮನಿರುವುದೇ ಎಂದು ಬಂತು. ಇಂಥ ಉತ್ತರ ಬರುವ ಲೆಕ್ಕವನ್ನು ಅವರು ತರಗತಿಯಲ್ಲಿ ಎರಡನೆಯ ಸಲ ಮಾಡಿಸುತ್ತಿದ್ದರು. ಈಗ ಮಾಡಲಿಲ್ಲ.

“ಆಗೋದು ಆಗಿಹೋಯ್ತು ಅನಂತು,” ಎಂದರು. ದನಿಯಲ್ಲಿ ಮಠದ ಗಾಂಭೀರ್ಯವಿತ್ತು. “ಬೇಕು ಅಂತ ಮಾಡಿದ್ದಲ್ಲವಲ್ಲ. ನಿಮ್ಮಣ್ಣಂಗೆ ನಾನು ಹೇಳಲ್ಲ. ಏಳಿ, ಒಳಗೆ ಬನ್ನಿ. ಕಾಫಿ ಬೆರೆಸ್ತೀನಿ.”

“ಬೇಡ ಅತ್ತಿಗೆ, ನನಗೆ ಯೋಗ್ಯತೆ ಇಲ್ಲ.”

“ನಾನು ಹೇಳ್ತಿದೀನಿ. ಕುಡೀರಿ.”

ಸ್ಟೀಲಿನ ಲೋಟದಲ್ಲಿ ಕೊಟ್ಟರು. ಅನಂತಪದ್ಮನಾಭ ಮೊದಲ ಗುಟುಕಿಗೆ ಕಣ್ಣುಮುಚ್ಚಿದರು. ಮುಖದಲ್ಲಿ ಅಂದು ಸ್ವಾಮಿಯನ್ನು ನೋಡಿದಾಗಲೂ ಇಲ್ಲದ ತೇಜಸ್ಸು ಕಂಡಿತು. ಕ್ಷಮಿಸುವುದು ಇಷ್ಟು ಸುಲಭವೆಂದು ಪುಟ್ಟಲಕ್ಷ್ಮಿಯವರಿಗೆ ಗೊತ್ತಿರಲಿಲ್ಲ. ತಮ್ಮ ಪಾಲಿನ ಕ್ಷಮೆಯನ್ನು ಯಾರ ಹತ್ತಿರ ಕೇಳುವುದು ಎಂಬುದು ಮಾತ್ರ ಹಾಗೇ ಉಳಿಯಿತು.

ಜಯಂತಿಯ ದಿನ ಎಲ್ಲರೆದುರು ಅನಂತಪದ್ಮನಾಭ ಸರದಿ ಬಿಟ್ಟುಕೊಟ್ಟರು. ತಮಗೆ ವಯಸ್ಸಾಯಿತು, ಆಚಾರಕ್ಕೆ ಕೈಸಾಗುವುದಿಲ್ಲ, ಸ್ವಾಮಿ ಇನ್ನು ಮೇಲೆ ನಂಜನಗೂಡಿನಲ್ಲೇ ಕಾಯಂ. ಅತ್ತಿಗೆಯವರ ನಿಷ್ಠೆ ನಮಗೆಲ್ಲ ಮೇಲ್ಪಂಕ್ತಿ ಎಂದು ಮಹಜರಿನಲ್ಲೂ ಬರೆಸಿದರು. ಪುಟ್ಟಲಕ್ಷ್ಮಿ ಅದರ ಕೆಳಗೆ ರುಜು ಹಾಕಿದರು. ಮೂವತ್ತು ವರ್ಷದಲ್ಲಿ ಅಷ್ಟು ನಿಧಾನವಾಗಿ ಅವರು ರುಜು ಹಾಕಿರಲಿಲ್ಲ.

ಊರಿಗೆ ಬಂದಮೇಲೆ ಹೊಸ ಗಂಧ ತಾವೇ ತೇಯ್ದರು. ಗಂಡ ಸ್ನಾನಕ್ಕೆ ಹೋದ ಹೊತ್ತು ನೋಡಿ, ಬೀರುವಿನ ಒಳಪೆಟ್ಟಿಗೆಯಿಂದ ಹತ್ತಿಯಲ್ಲಿ ಸುತ್ತಿಟ್ಟಿದ್ದ ಇನ್ನೊಂದು ಓಲೆಯನ್ನು ತೆಗೆದರು. ಬಲಗಿವಿಯದು. ದಿವಾನರ ಹಣವನ್ನು ಅದಕ್ಕೆ ಒತ್ತಿಟ್ಟು, ಎರಡನ್ನೂ ಸೇರಿಸಿ ಗಂಧ ಮೆತ್ತಿದರು, ದಪ್ಪಗೆ.

ನಾಲ್ಕು ದಿನದ ಮೇಲೆ ಅಭಿಷೇಕಕ್ಕೆಂದು ಉಂಡೆಯನ್ನು ಅಂಗೈಗೆ ತೆಗೆದುಕೊಂಡ ಜಯತೀರ್ಥರು ಮಂತ್ರವನ್ನು ಅರ್ಧಕ್ಕೇ ನಿಲ್ಲಿಸಿದರು.

“ಏನೇ, ಸ್ವಾಮಿ ಯಾಕೋ ಭಾರ ಆಗಿದ್ದಾರಲ್ಲ?”

“ಪ್ರಮಾಣಪತ್ರ ಬಂದಿದೆಯಲ್ಲಾ ರೀ,” ಎಂದರು ಪುಟ್ಟಲಕ್ಷ್ಮಿ, ಹೂವು ಬಿಡಿಸುತ್ತ. “ಇರುತ್ತೆ.”